ಕಿಟಕಿಗೆ ಕಟ್ಟಿದ ವೈರು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಎದುರಿಗೆ ಸ್ಟಿಕ್ಕರ್ ಅಕ್ಕ ಎನ್ನುತ್ತಿದ್ದರು. ಬೆನ್ನು ತಿರುಗಿಸಿದ ಮೇಲೆ ಪತ್ತೇದಾರಿ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಎರಡನೆಯ ಹೆಸರು ಇಟ್ಟವರು ಯಾರೆಂದು ಬಹಳ ಕಾಲ ಪತ್ತೆ ಮಾಡಿ, ಕೊನೆಗೆ ಎದುರು ಸಾಲಿನ ಟೈರ್ ಅಂಗಡಿಯವನೇ ಇರಬೇಕೆಂದು ತೀರ್ಮಾನಿಸಿ, ಅವನೊಡನೆ ಮಾತು ಬಿಟ್ಟಿದ್ದಳು. ಪಾಪ, ಹೆಸರಿಟ್ಟವನು ಅವಳ ಗಂಡ.

ಅನುಮಾನ ಅವಳಿಗೆ ಉಸಿರಾಟದಷ್ಟು ಸಹಜ. ಕಾಸಿದ ಹಾಲಿಗೆ ಕೆನೆ ದಪ್ಪಗೆ ಕಟ್ಟಿದರೆ ಏನೋ ಬೆರೆಸಿದ್ದಾನೆ, ತೆಳ್ಳಗೆ ಕಟ್ಟಿದರೆ ನೀರು ಬೆರೆಸಿದ್ದಾನೆ. ಪಕ್ಕದ ಮನೆಯವಳು ಹಿತ್ತಲಲ್ಲಿ ಬೆಳೆದದ್ದೆಂದು ನಾಲ್ಕು ಸೌತೆಕಾಯಿ ಕೊಟ್ಟರೆ, ಒಂದು ಕಹಿಯಿದ್ದಿರಬೇಕು, ಅದಕ್ಕೇ ನಾಲ್ಕನ್ನೂ ದಾಟಿಸಿದಳು. ಬಸ್ಸು ಓಡಿಸುವ ಗಂಡ ಒಂದು ಸಂಜೆ ಹೂವಿನ ಗೊಂಚಲು ತಂದಾಗ ಅದನ್ನು ಕೈಯಲ್ಲೂ ಹಿಡಿಯದೆ, "ಯಾವ ಗಾಡಿಗೆ ಗುದ್ದಿ ಬಂದ್ರಿ?" ಎಂದು ಕೇಳಿದ್ದಳು. ಅವನು ನಿಜಕ್ಕೂ ಒಂದು ಗಾಡಿಗೆ ಗುದ್ದಿಯೇ ಬಂದಿದ್ದ. ಅಲ್ಲಿಗೆ ಅವಳ ಅಪನಂಬಿಕೆಯ ಮೇಲೆ ಅವಳಿಗಿದ್ದ ನಂಬಿಕೆ ಗಟ್ಟಿಯಾಯಿತು.

ಹುಟ್ಟಿನಿಂದಲೇ ಹೀಗಿದ್ದವಳಲ್ಲ. ಮದುವೆಗೆ ಮುಂಚೆ ಬೋರ್ಡು ಬರೆಯುವವರೊಬ್ಬರ ಬಳಿ ಕೆಲಸ ಕಲಿಯುತ್ತಿದ್ದಾಗ, ಬೀಗದ ಅಂಗಡಿಯೊಂದರ ಬೋರ್ಡಿನಲ್ಲಿ ಫೋನ್ ನಂಬರಿನ ಎರಡು ಅಂಕಿ ಅದಲುಬದಲಾಗಿತ್ತು. ಅಂಗಡಿಯವನು ಹೇಳಿದ್ದೇ ತಪ್ಪು. ಆದರೆ ಬೀದಿಯ ಜನರೆಲ್ಲ ನಿಂತು ನೋಡುತ್ತಿದ್ದಾಗ ಅವನು, "ನಾನು ಸರಿಯಾಗೇ ಹೇಳಿದ್ದೆ, ಈ ಹುಡುಗಿಗೆ ಕಿವಿ ಇಲ್ಲ" ಎಂದುಬಿಟ್ಟ. ಆ ಮಾತು ಅವಳ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಮುಂದೆ ತನ್ನದೇ ಅಂಗಡಿ ಇಟ್ಟ ಮೇಲೆ ಒಂದು ಪದ್ಧತಿ ಮಾಡಿಕೊಂಡಳು: ತನಗೆ ಬೇಕಾದ ಬರಹವನ್ನು ಗಿರಾಕಿ ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೆ ಅವಳು ಅದೇ ಸಾಲನ್ನು ಕೊನೆಯ ಅಕ್ಷರದಿಂದ ಹಿಡಿದು ಮೊದಲಿನವರೆಗೆ ಹಿಂದುಹಿಂದಾಗಿ ಓದಬೇಕು.

"ಮುಂದಿನಿಂದ ಓದಿದ್ರೆ ಕಣ್ಣು ತಾನು ಅಂದ್ಕೊಂಡಿದ್ದನ್ನೇ ಓದುತ್ತೆ" ಎನ್ನುತ್ತಿದ್ದಳು. "ಹಿಂದಿನಿಂದ ಓದಿದ್ರೆ ಇರೋದನ್ನ ಓದುತ್ತೆ."

ಜನ ನಗುತ್ತಿದ್ದರು. ಆದರೆ ಅವಳ ಅಂಗಡಿಯಿಂದ ತಪ್ಪು ಅಕ್ಷರದ ಒಂದು ಸ್ಟಿಕ್ಕರೂ ಹೊರಗೆ ಹೋದದ್ದಿಲ್ಲ. ಬಣ್ಣದ ಸ್ಟಿಕ್ಕರ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಅಕ್ಷರ ಬರೆದು, ಸಣ್ಣ ಬ್ಲೇಡಿನಿಂದ ಅಂಚು ಕೊಯ್ದು, ಬೇಡದ್ದನ್ನು ಚಿಮುಟದಿಂದ ಎತ್ತಿ ತೆಗೆಯುತ್ತಿದ್ದಳು. ಗಾಡಿಯ ಗಾಜು, ಕ್ಷೌರದಂಗಡಿಯ ಬಾಗಿಲು, ಶಾಲೆಯ ಬಸ್ಸು, ಎಲ್ಲದರ ಮೇಲೂ ಅವಳ ಕೈ ಇತ್ತು. ಹೀಗೆ ಕೊಯ್ದು ಕೊಯ್ದು ಬಲಗೈಯ ಮಣಿಕಟ್ಟು ಸೋತಿತು. ಬ್ಲೇಡು ಒತ್ತಿದರೆ ಮೊಣಕೈವರೆಗೆ ಮುಳ್ಳು ಹೊಕ್ಕಂತೆ ನೋವು. ಇನ್ನು ಕೈಯಲ್ಲಿ ಕೊಯ್ಯಬೇಡಿ ಎಂದು ವೈದ್ಯರು ಹೇಳಿದಾಗ ಅವಳು ಮೊದಲು ಅನುಮಾನಿಸಿದ್ದು ವೈದ್ಯರನ್ನು. ಇನ್ನೊಬ್ಬ ವೈದ್ಯರೂ ಅದನ್ನೇ ಹೇಳಿದಾಗ, ಇಬ್ಬರೂ ಒಂದೇ ಕಡೆ ಓದಿದವರಿರಬೇಕು ಎಂದಳು. ಚಹಾದ ಲೋಟ ಕೈಜಾರಿ ಬಿದ್ದ ದಿನ ನಂಬಿದಳು.

ಇನ್ನು ಅವಳ ಓರಗಿತ್ತಿಯ ವಿಷಯ. ಎರಡು ಜಡೆ ಸೇರುವುದಿಲ್ಲ ಎಂದು ಗಾದೆ ಮಾಡಿದವರು ಈ ಮನೆಯನ್ನು ನೋಡಿರಲಿಲ್ಲ. ಕೆಳಗೆ ಮುಂದುಗಡೆ ಅಂಗಡಿ, ಹಿಂದುಗಡೆ ಅಕ್ಕನ ಸಂಸಾರ. ಮಹಡಿಯ ಮೇಲೆ ಓರಗಿತ್ತಿ. ಮೈದುನನಿಗೆ ಹಡಗಿನಲ್ಲಿ ಕೆಲಸ. ವರ್ಷದಲ್ಲಿ ಬಹುಪಾಲು ಅವನು ನೀರಿನ ಮೇಲೆ, ಇವಳು ಮಹಡಿಯ ಮೇಲೆ. ಮೆಲು ಮಾತಿನವಳು, ಅಕ್ಕ ಹತ್ತು ಮಾತಾಡಿದರೆ ಒಂದಕ್ಕೆ ಹೂಂ ಎನ್ನುವಳು. ಅಕ್ಕನ ಮನೆಯಲ್ಲಿ ಪ್ರತಿ ಬಾಗಿಲಿಗೂ ಎರಡೆರಡು ಚಿಲಕವಿತ್ತು. ಚಿಲಕವಿಲ್ಲದ ಬಾಗಿಲು ಒಂದೇ ಒಂದು, ಅಡುಗೆಮನೆಯಿಂದ ಮಹಡಿ ಮೆಟ್ಟಿಲಿಗೆ ಹೋಗುವುದು. ಲೋಕವನ್ನೆಲ್ಲ ಹೊರಗಿಟ್ಟ ಹೆಂಗಸು ಇವಳೊಬ್ಬಳನ್ನು ಒಳಗಿಟ್ಟುಕೊಂಡಿದ್ದಳು. ಇವಳೂ ಕೈಬಿಟ್ಟರೆ ತನಗೆ ಈ ಭೂಮಿ ಮೇಲೆ ನಂಬುವುದಕ್ಕೆ ಇನ್ಯಾರೂ ಇಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಓರಗಿತ್ತಿಯದೂ ಸ್ಟಿಕ್ಕರಿನ ಕೆಲಸವೇ, ಆದರೆ ಮಷೀನಿನಲ್ಲಿ. ಮೇಜಿನಷ್ಟು ಉದ್ದದ, ಹಳೇ ಕಾಲದ ಕಟಿಂಗ್ ಮಷೀನು. ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿದರೆ ಸಾಕು, ಇದು ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆದುಕೊಂಡು, ಪುಟ್ಟ ಬ್ಲೇಡಿನಿಂದ ಗೀರಿ, ಅಕ್ಷರ ಕೊಯ್ದು ಕೊಡುತ್ತದೆ. ಅಕ್ಕ ಮಷೀನಿನ ಅಕ್ಷರವನ್ನು "ಮುಖವಿಲ್ಲದ ಅಕ್ಷರ" ಎಂದು ಹಂಗಿಸುತ್ತಿದ್ದಳು. ಒಂದು ದಿನ ಓರಗಿತ್ತಿ ಕೆಳಗಿಳಿದು ಬಂದು, "ಅಕ್ಕಾ, ನನಗೆ ಈ ಕೆಲಸ ಸಾಕಾಯ್ತು. ಮಷೀನು ನೀವೇ ಇಟ್ಕೊಳ್ಳಿ" ಎಂದು ತೀರಾ ಅಗ್ಗದ ಬೆಲೆ ಹೇಳಿದಳು.

ಅಕ್ಕನಿಗೆ ಕೈನೋವು ಇತ್ತು, ಮಷೀನು ಬೇಕಿತ್ತು; ತೆಗೆದುಕೊಂಡಳು. ಆದರೆ ರಾತ್ರಿ ಹಾಸಿಗೆಯಲ್ಲಿ ಗಂಡನ ಪಕ್ಕೆ ತಿವಿದು, "ಚೆನ್ನಾಗಿ ಓಡೋ ಮಷೀನನ್ನ ಯಾರಾದ್ರೂ ಬೇಜಾರಾಯ್ತು ಅಂತ ಕೊಡ್ತಾರಾ?" ಎಂದಳು.

"ನಾನು ಬಸ್ಸನ್ನ ದಿನಾ ಕೊಟ್ಟುಬಿಡೋಣ ಅಂತಾನೇ ಇದೀನಿ" ಎಂದು ಅವನು ಮಗ್ಗುಲು ಬದಲಿಸಿದ.

ಮಷೀನಿನ ಜೊತೆ ಓರಗಿತ್ತಿ ಒಂದು ವೈರು ಕೊಟ್ಟಿದ್ದಳು. ಹಳೇ ಮಷೀನಿಗೆ ಅಗಲ ಬಾಯಿಯ ಪಿನ್ನು, ಈಗಿನ ಕಂಪ್ಯೂಟರಿಗೆ ಚಪ್ಪಟೆ ತೂತು. ಎರಡಕ್ಕೂ ಹೊಂದುವಂತೆ ಮೈದುನ ಯಾವುದೋ ರಜೆಯಲ್ಲಿ ತಾನೇ ಬೆಸೆದು ಮಾಡಿದ್ದ ವೈರು ಅದು. ನೋಡಲು ದರಿದ್ರವಾಗಿತ್ತು. ಮೈತುಂಬ ಕಪ್ಪು ಟೇಪು, ನಡುವೆ ಓರಗಿತ್ತಿ ಕೆಂಪು ಬಟ್ಟೆ ಸುತ್ತಿದ ಒಂದು ಗಂಟು. ಅದನ್ನು ಅಕ್ಕನ ಕೈಗಿಟ್ಟು ಓರಗಿತ್ತಿ ಒತ್ತಿ ಒತ್ತಿ ಹೇಳಿದ್ದಳು: "ಇದೇ ವೈರ್ ಹಾಕಿ ಅಕ್ಕ. ಬೇರೆ ಯಾವುದನ್ನೂ ಹಾಕ್ಬೇಡಿ."

ಒಂದು ಸಲ ಹೇಳಿದ್ದರೆ ಅಕ್ಕ ಕೇಳುತ್ತಿದ್ದಳೋ ಏನೋ. ಓರಗಿತ್ತಿ ಮೆಟ್ಟಿಲ ಮೇಲೆ ನಿಂತು ಮತ್ತೊಮ್ಮೆ ಹೇಳಿದಳು. ಇಷ್ಟು ಒತ್ತಿ ಹೇಳಬೇಕಾದರೆ ಇದರಲ್ಲಿ ಏನೋ ಇದೆ. ಟೇಪು ಸುತ್ತಿರುವುದು ಏನನ್ನು ಮುಚ್ಚುವುದಕ್ಕೆ? ಸುಟ್ಟದ್ದನ್ನೋ, ಮುರಿದದ್ದನ್ನೋ? ಇದನ್ನು ಹಾಕಿ ತನ್ನ ಹೊಸ ಕಂಪ್ಯೂಟರು ಕೆಟ್ಟರೆ ಕೇಳುವವರು ಯಾರು? ಅಕ್ಕ ಪೇಟೆಗೆ ಹೋಗಿ ಥಳಥಳ ಹೊಳೆಯುವ ಹೊಸ ವೈರು ತಂದಳು. ಹಳೆಯದನ್ನು ಬಿಸಾಡಲು ಮನಸ್ಸು ಬರಲಿಲ್ಲ. ಅಂಗಡಿಯ ಹಿಂಬದಿಯ ಕಿಟಕಿಯ ಕೊಂಡಿ ಮುರಿದಿತ್ತು, ಓಣಿಯಿಂದ ಯಾರು ಬೇಕಾದರೂ ತಳ್ಳಿ ಇಣುಕಬಹುದಿತ್ತು. ಆ ಕಿಟಕಿಯ ಎರಡು ಬಾಗಿಲನ್ನು ಸೇರಿಸಿ ವೈರಿನಿಂದ ಬಿಗಿದು ಕಟ್ಟಿದಳು. ಕೆಂಪು ಗಂಟು ನಡುಮಧ್ಯೆ ಕೂತಿತು. ಕಳ್ಳರೂ ಹೊರಗೆ, ವೈರಿನ ಗುಟ್ಟೂ ಹೊರಗೆ ಎಂದು ನೆಮ್ಮದಿಯಾಯಿತು.

ಕಂಪ್ಯೂಟರ್ ರಿಪೇರಿಯವನು ಬಂದು ಮಷೀನಿಗೆ ಬೇಕಾದ ಸಾಫ್ಟ್‌ವೇರ್ ಹಾಕಿಕೊಟ್ಟ. ಕಿವಿಯ ಸಂದಿಯಲ್ಲಿ ಪೆನ್ಸಿಲಿನಂತೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ ನಡುವಯಸ್ಸಿನವನು. ತನ್ನ ಕಂಪ್ಯೂಟರಿನಿಂದ ಏನಾದರೂ ಕದ್ದುಕೊಂಡಾನೆಂದು ಅಕ್ಕ ಅವನ ಭುಜದ ಹಿಂದೆ ನಿಂತೇ ಇದ್ದಳು. ಅವಳ ಉಸಿರು ಕುತ್ತಿಗೆಗೆ ತಾಕಿ ಅವನು ಎರಡು ಸಲ ಬೆಚ್ಚಿದ. ಕಡೆಗೆ ‘ತಳ್ಳಿ’ ಎಂಬ ಎರಡಕ್ಷರ ಕೊಯ್ದು ನೋಡಿದರು. ಮಷೀನು ಕಿರ್ರ್ ಎಂದು ಕೊಯ್ದುಕೊಟ್ಟಿತು. ಅಂಚು ಬೆಣ್ಣೆಯಲ್ಲಿ ಎಳೆದಂತೆ ನಯವಾಗಿತ್ತು. ಅಕ್ಕ ಅದನ್ನು ಬೆಳಕಿಗೆ ಹಿಡಿದು ಎಷ್ಟು ನೋಡಿದರೂ ತಪ್ಪು ಸಿಗಲಿಲ್ಲ. ಅದೇ ಅವಳಿಗೆ ಸ್ವಲ್ಪ ಅನುಮಾನವಾಯಿತು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ದಂತವೈದ್ಯೆಯೊಬ್ಬಳು ಹೊಸದಾಗಿ ದವಾಖಾನೆ ತೆರೆಯುವವಳಿದ್ದಳು. ಗಾಜಿನ ಬಾಗಿಲಿನ ಮೇಲೆ ಹೆಸರು, ಹೆಸರಿನ ಹಿಂದೆ ರೈಲಿನ ಡಬ್ಬಿಗಳಂತೆ ಪದವಿಗಳು, ಕೆಳಗೆ ನೋಡುವ ವೇಳೆ, ಅದರ ಕೆಳಗೆ ನೋವಿಲ್ಲದೆ ಹಲ್ಲು ಕೀಳಲಾಗುವುದೆಂಬ ಭರವಸೆ. ಆ ಕೊನೆಯ ಸಾಲನ್ನು ಅಕ್ಕ ನಂಬಲಿಲ್ಲ, ಆದರೆ ಕೆಲಸ ಒಪ್ಪಿಕೊಂಡಳು. ಹಾಳೆ ಹಾಕಿದಳು, ಗುಂಡಿ ಒತ್ತಿದಳು. ಹೆಸರು ಮುತ್ತಿನಂತೆ ಬಂತು. ಮೊದಲ ಪದವಿಯೂ ಬಂತು. ಎರಡನೆಯದರ ನಡುವೆ ಮಷೀನು ಇದ್ದಕ್ಕಿದ್ದಂತೆ ಹಾದಿ ತಪ್ಪಿ, ಕೊಯ್ದ ಅಕ್ಷರಗಳ ಮೇಲೆಯೇ ಈ ತುದಿಯಿಂದ ಆ ತುದಿಗೆ ಸರಕ್ಕನೆ ಒಂದು ಗೀರು ಎಳೆದು, ಆಮೇಲೆ ಎಲ್ಲಿಯೋ ಒಂದು ಅರ್ಧ ಸೊನ್ನೆ ಕೊಯ್ದು, ನಿಂತುಬಿಟ್ಟಿತು.

ಅಕ್ಕ ಒಂದೊಂದನ್ನೇ ಹಿಡಿದು ವಿಚಾರಣೆ ಮಾಡಿದಳು. ಬ್ಲೇಡು ಮೊಂಡೆಂದು ಹೊಸದು ಹಾಕಿದಳು. ಹೊಸ ಬ್ಲೇಡು ಹಳೆಯದಕ್ಕಿಂತ ಚೂಪಾಗಿ ಅಡ್ಡಗೀರು ಎಳೆಯಿತು. ಹಾಳೆ ಮಾರಿದವನು ಕಳಪೆ ಮಾಲು ಕೊಟ್ಟಿದ್ದಾನೆಂದು ಬೇರೆ ರೋಲು ತೆರೆದಳು; ಅದೂ ಹಾಳಾಯಿತು. ಹಾಳೆ ಒತ್ತಿ ಹಿಡಿಯುವ ರಬ್ಬರ್ ಗಾಲಿಗಳನ್ನು ಒರೆಸಿದಳು. ಗಂಡ ಫ್ಯಾನು ಹಾಕಿದ್ದರಿಂದ ಕರೆಂಟು ಕಡಿಮೆಯಾಯಿತೆಂದು ಫ್ಯಾನು ನಿಲ್ಲಿಸಿದಳು. ಅವನು ಬೆವರಿದ, ಮಷೀನು ಬದಲಾಗಲಿಲ್ಲ. ಮಷೀನಿನಲ್ಲಿಯೇ ಇದ್ದ ಪರೀಕ್ಷೆಯ ಗುಂಡಿ ಒತ್ತಿದರೆ ಅದು ಕಂಪ್ಯೂಟರಿನ ಹಂಗಿಲ್ಲದೆ ಚೌಕವೊಂದನ್ನು ಅಚ್ಚುಕಟ್ಟಾಗಿ ಕೊಯ್ದು ತೋರಿಸುತ್ತಿತ್ತು. ಸಾಹೇಬರು ಬಂದ ದಿನ ಮಾತ್ರ ಪಾಠ ಒಪ್ಪಿಸುವ ಹುಡುಗರ ಹಾಗೆ.

ಓರಗಿತ್ತಿ ದಿನಕ್ಕೊಮ್ಮೆ ಕೆಳಗಿಳಿದು ಬರುತ್ತಿದ್ದಳು. "ಹೇಗೆ ಓಡ್ತಿದೆ ಅಕ್ಕ?"

"ಓಡ್ತಿದೆ, ನನ್ನ ಬಿಟ್ಟು ಓಡ್ತಿದೆ."

"ಎಲ್ಲಿ, ಒಂದು ಸಣ್ಣದು ಕೊಯ್ದು ನೋಡೋಣ."

ಸಣ್ಣದು ಕೊಯ್ದರೆ ಮಷೀನು ಸೊಗಸಾಗಿ ಕೊಯ್ಯುತ್ತಿತ್ತು. ಹಳೇ ಒಡತಿಯ ಎದುರು ಮರ್ಯಾದಸ್ಥನಂತೆ ನಡೆದುಕೊಳ್ಳುವ ಮಷೀನನ್ನು ನೋಡಿ ಅಕ್ಕನ ಮೈ ಉರಿಯಿತು. ಹಾಳಾದ ಹಾಳೆಯನ್ನು ಓರಗಿತ್ತಿಯ ಮೂಗಿನ ಮುಂದೆ ಹಿಡಿದಳು. ಅವಳು ಅದನ್ನು ನೆಟ್ಟಗೆ ನೋಡಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ, ಕಡೆಗಣ್ಣಿನಿಂದ ನೋಡಿದಂತೆ ಮಾಡಿ, ಬೆರಳ ತುದಿಯನ್ನು ಅಕ್ಷರಗಳ ಮೇಲೆ ಮೆಲ್ಲಗೆ ಆಡಿಸಿದಳು. ಬೆರಳು ಗೀರಿಗೆ ತಾಕಿದ ಮೇಲೆ, "ಅಯ್ಯೋ, ಇಲ್ಲಿ ಅಡ್ಡ ಕೊಯ್ದಿದೆಯಲ್ಲ" ಎಂದಳು.

ನಾಟಕ, ಎಂದುಕೊಂಡಳು ಅಕ್ಕ. ಊರಗಲದ ಗೀರು, ಕುರುಡರಿಗೂ ಕಾಣುತ್ತದೆ. ಇವಳು ಈಗ ತಾನೇ ಗೊತ್ತಾದವಳ ಹಾಗೆ ಆಡುತ್ತಾಳೆ.

"ಆ ವೈರೇ ತಾನೆ ಅಕ್ಕ ಹಾಕಿರೋದು?"

"ಹೂಂ, ಅದೇ" ಎಂದಳು ಅಕ್ಕ.

ಹೇಳಿದ ಮೇಲೆ ನೆನಪಾಯಿತು. ಓರಗಿತ್ತಿ ನಿಂತಿದ್ದ ಜಾಗಕ್ಕೆ ನೇರವಾಗಿ ಎದುರಿಗೇ ಕಿಟಕಿ; ಕಿಟಕಿಗೆ ವೈರು; ವೈರಿಗೆ ಕೆಂಪು ಗಂಟು. ಆದರೆ ಓರಗಿತ್ತಿ ಏನೂ ಹೇಳದೆ ತಲೆಯಾಡಿಸಿ ಮೇಲೆ ಹೋದಳು. ಪುಣ್ಯಕ್ಕೆ ಅತ್ತ ನೋಡಲಿಲ್ಲ ಎಂದುಕೊಂಡು ಅಕ್ಕ ಸಮಾಧಾನ ಪಟ್ಟಳು. ವೈರನ್ನು ಬಿಚ್ಚಿ ಅಡಗಿಸಿಡೋಣವೆಂದರೆ ಕಿಟಕಿ ತೆರೆದುಕೊಳ್ಳುತ್ತಿತ್ತು, ಹಾಗೇ ಬಿಟ್ಟಳು. ಓರಗಿತ್ತಿ ಮರುದಿನವೂ ಬಂದಳು, ಅದರ ಮರುದಿನವೂ ಬಂದಳು.

ಅನುಮಾನ ಒಮ್ಮೆ ಕಣ್ಣುಬಿಟ್ಟರೆ ಎಲ್ಲೆಲ್ಲೂ ಸಾಕ್ಷಿ ಸಿಗುತ್ತದೆ. ಓರಗಿತ್ತಿಯ ನೋಟ ಬದಲಾಗಿತ್ತು. ಮಾತಾಡುವಾಗ ಮುಖ ನೋಡುತ್ತಿರಲಿಲ್ಲ, ಕಿವಿಯ ಕಡೆ ನೋಡುತ್ತಿದ್ದಳು. ತರಕಾರಿ ಅಂಗಡಿಯ ಮುಂದೆ ಅಕ್ಕ ಎದುರಿಗೇ ಬಂದರೂ ಕಂಡೂ ಕಾಣದವಳಂತೆ ಹೋಗಿದ್ದಳು. ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟು, "ಡಬ್ಬಿ ಅದಲುಬದಲಾಯ್ತು ಅಕ್ಕ" ಎಂದಿದ್ದಳು. ತಪ್ಪು ಮಾಡಿದವರು ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರೆ. ಕೆಟ್ಟ ಮಷೀನನ್ನು ತನ್ನ ತಲೆಗೆ ಕಟ್ಟಿದ್ದಾಳೆ, ಅದು ಚುಚ್ಚುತ್ತಿದೆ, ಅದಕ್ಕೇ ದಿನಾ ಬಂದು ಹಣಕುತ್ತಾಳೆ. ಹೀಗೆ ಅಕ್ಕ ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಕೊಂಡಳು.

"ಒಂದು ಚಿಲಕ ತನ್ನಿ" ಎಂದಳು ಗಂಡನಿಗೆ. "ಮಹಡಿ ಬಾಗಿಲಿಗೆ."

ಅವನು ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿದ. "ಆ ಬಾಗಿಲಿಗಾ?"

"ಆ ಬಾಗಿಲಿಗೇ."

ಅವನು ಚಿಲಕ ತಂದ, ಸ್ಕ್ರೂ ಸಮೇತ ಅಡುಗೆಮನೆಯ ಮೇಜಿನ ಮೇಲಿಟ್ಟ, ಆದರೆ ಹಾಕಲಿಲ್ಲ. ಸ್ಕ್ರೂಡ್ರೈವರ್ ಸಿಗುತ್ತಿಲ್ಲ ಎಂದ. ಸ್ಕ್ರೂಡ್ರೈವರ್ ಅವನ ಜೇಬಿನಲ್ಲಿಯೇ ಇದೆಯೆಂದು ಅಕ್ಕನಿಗೆ ಅನುಮಾನ ಬಂತು, ಇದ್ದದ್ದೂ ಅಲ್ಲಿಯೇ. ಆದರೆ ಅವಳೂ ಅಂದು ಜೇಬು ತಡಕಲಿಲ್ಲ. ಮೇಜು ಒರೆಸುವಾಗೆಲ್ಲ ಆ ಚಿಲಕವನ್ನು ಮುಟ್ಟದೆ ಅದರ ಸುತ್ತಲೂ ಒರೆಸುತ್ತಿದ್ದಳು.

ದವಾಖಾನೆ ತೆರೆಯುವ ದಿನ ಹತ್ತಿರ ಬಂತು. ಅಕ್ಕ ಕೈಯಲ್ಲಿಯೇ ಕೊಯ್ಯಲು ಕೂತು, ಎರಡು ಅಕ್ಷರಕ್ಕೆ ಕಣ್ಣೀರು ಬಂದು, ಬ್ಲೇಡು ಕೆಳಗಿಟ್ಟು, ರಿಪೇರಿಯವನಿಗೆ ಫೋನು ಮಾಡಿದಳು.

ಅವನು ಬಂದು ಬಾಗಿಲ ಸಾಲನ್ನು ಓಡಿಸಿ ನೋಡಿದ. ಅದೇ ಜಾಗ, ಅದೇ ಅಡ್ಡಗೀರು. ಕಂಪ್ಯೂಟರು ಕಳಿಸುವ ವೇಗ ಕಡಿಮೆ ಮಾಡಿದ. ಈ ಸಲ ಮಷೀನು ಮೂರನೆಯ ಪದವಿಯವರೆಗೂ ಹೋಗಿ ಎಡವಿತು. ಅವನು ಕಿವಿಯಿಂದ ಸ್ಕ್ರೂಡ್ರೈವರ್ ತೆಗೆದು ಅದರಿಂದಲೇ ತಲೆ ಕೆರೆದುಕೊಂಡ.

"ಮೇಡಂ, ಸಣ್ಣ ಹೆಸರು ಯಾವತ್ತಾದ್ರೂ ಕೆಟ್ಟಿದೆಯಾ?"

"ಇಲ್ಲ. ಉದ್ದದ್ದೇ ಕೆಡೋದು."

"ಹಾಗಾದ್ರೆ ಮಷೀನು ಸರಿಯಾಗೇ ಇದೆ. ಇದಕ್ಕೆ ಹೊಟ್ಟೆ ಚಿಕ್ಕದು. ಕಂಪ್ಯೂಟರು ಇಡೀ ಬರಹಾನ ಗಬಗಬ ಅಂತ ಬಾಯಿಗೆ ತುರುಕುತ್ತೆ. ಹೊಟ್ಟೆ ತುಂಬಿದ್ರೆ ಇದು ‘ತಾಳು, ತಾಳು’ ಅನ್ಬೇಕು. ಅದಕ್ಕೆ ವೈರಲ್ಲಿ ಬೇರೆ ಎಳೆ ಇರುತ್ತೆ." ಅವನು ಹೊಸ ವೈರನ್ನು ಕಿತ್ತು, ಎರಡು ತುದಿಗೂ ಕರೆಂಟು ಅಳೆಯುವ ಮೀಟರಿನ ಮುಳ್ಳು ಚುಚ್ಚಿ ನೋಡಿ ನಕ್ಕ. "ಇಲ್ಲಿ ನೋಡಿ. ಆ ಎಳೆ ಇದರಲ್ಲಿ ಇಲ್ಲವೇ ಇಲ್ಲ. ಕಂಪ್ಯೂಟರು ‘ಕಳಿಸ್ಲಾ?’ ಅಂದ್ರೆ ಈ ವೈರು ಮಷೀನನ್ನ ಕೇಳೋದೇ ಇಲ್ಲ, ತಾನೇ ‘ಹೂಂ, ಕಳಿಸು’ ಅಂದ್ಬಿಡುತ್ತೆ. ನುಂಗೋಕಾಗದ್ದು ಕೆಳಗೆ ಚೆಲ್ಲಿಹೋಗುತ್ತೆ, ಇದು ದಾರಿ ತಪ್ಪುತ್ತೆ. ಮೊದಲು ಇದಕ್ಕೆ ಯಾವ ವೈರ್ ಇತ್ತು?"

ಅಕ್ಕನ ಕಣ್ಣು ಕಿಟಕಿಯ ಕಡೆ ಹೋಯಿತು, ಅದರ ಹಿಂದೆಯೇ ಅವನ ಕಣ್ಣೂ ಹೋಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕತೆಯನ್ನು ಅವನು ಕೇಳಿದ್ದನೇನೋ, ಆದರೆ ಕೂಸನ್ನು ಕಿಟಕಿಗೆ ಕಟ್ಟಿದ್ದನ್ನು ಅದೇ ಮೊದಲು ನೋಡಿದ್ದು. ಎದ್ದು ಹೋಗಿ ಬಿಚ್ಚಿ ತಂದು ಸಿಕ್ಕಿಸಿದ. ಕಿಟಕಿ ಕಿರುಗುಟ್ಟಿ ತೆರೆದುಕೊಂಡಿತು. ಮಷೀನು ಹೆಸರು ಕೊಯ್ದಿತು, ನಿಂತಿತು, ಉಸಿರು ತೆಗೆದುಕೊಂಡಂತೆ ಮತ್ತೆ ಹೊರಟಿತು. ಪದವಿಗಳನ್ನೆಲ್ಲ ದಾಟಿ, ನೋವಿಲ್ಲದೆ ಹಲ್ಲು ಕೀಳುವ ಸಾಲಿನ ಕೊನೆಯ ಚುಕ್ಕಿಯವರೆಗೂ ಕೊಯ್ದು, ಸುಮ್ಮನಾಯಿತು.

ಅಕ್ಕನಿಗೆ ಖುಷಿಯಾಯಿತು, ಆದರೆ ಅದು ರಿಪೇರಿಯವನು ಬೀದಿ ದಾಟುವವರೆಗೂ ಉಳಿಯಲಿಲ್ಲ. ಖಾಲಿ ಕಿಟಕಿಯನ್ನು ನೋಡುತ್ತ ನಿಂತವಳಿಗೆ ಹೊಳೆಯಿತು: ರಿಪೇರಿಯವನಿಗೆ ಒಂದೇ ನೋಟಕ್ಕೆ ಕಂಡದ್ದು ಓರಗಿತ್ತಿಗೆ ಇಷ್ಟು ದಿನ ಕಾಣಲಿಲ್ಲವೇ? ತನ್ನ ಗಂಡ ಕೈಯಾರೆ ಮಾಡಿದ ವೈರು, ತಾನೇ ಸುತ್ತಿದ ಕೆಂಪು ಬಟ್ಟೆ. ಪುಣ್ಯಕ್ಕೆ ಅಂದು ನೋಡಲಿಲ್ಲ ಎಂದುಕೊಂಡದ್ದು ಎಂಥ ಮಂಕುತನ. ದಿನಾ ಬಂದು ಅದರೆದುರು ನಿಲ್ಲುತ್ತಿದ್ದಳು. ಕಂಡಿದೆ. ಕಂಡೇ ‘ಆ ವೈರೇ ತಾನೆ’ ಎಂದು ಕೇಳಿದ್ದಾಳೆ. ನಾನು ಸುಳ್ಳು ಹೇಳುವುದನ್ನು ಕೇಳಿಸಿಕೊಂಡು, ನಾನು ಹಾಳೆ ಹಾಳೆ ಹರಿದು ಹಾಕುವುದನ್ನು ನೋಡಿಕೊಂಡು, ಒಳಗೊಳಗೇ ನಗುತ್ತ ಮೆಟ್ಟಿಲು ಹತ್ತಿದ್ದಾಳೆ. ಮಷೀನು ಕೆಟ್ಟದ್ದಾಗಿದ್ದರೂ ಅಕ್ಕ ಕ್ಷಮಿಸುತ್ತಿದ್ದಳು. ಇದನ್ನು ಹೇಗೆ ಕ್ಷಮಿಸುವುದು?

ಮೇಜಿನ ಮೇಲಿದ್ದ ಚಿಲಕವನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲು ಹತ್ತಿದಳು.

ಓರಗಿತ್ತಿ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಮುಖ ಹೊರಗಿನ ಬೆಳಕಿನ ಕಡೆಗಿತ್ತು, ಬೆರಳುಗಳು ತಮ್ಮ ಪಾಡಿಗೆ ಸಿಪ್ಪೆ ಸುಲಿಯುತ್ತಿದ್ದವು. ಹೆಜ್ಜೆ ಕೇಳಿ, "ಅಕ್ಕಾ?" ಎಂದಳು.

"ಮಷೀನು ಸರಿಹೋಯ್ತು."

"ಹೌದಾ? ಏನಾಗಿತ್ತು?"

"ಏನಾಗಿತ್ತು ಅಂತ ನಿನಗೆ ಗೊತ್ತಿಲ್ವಾ? ಆ ವೈರೇ ಹಾಕಿದೀರಾ ಅಂತ ಕೇಳಿದೆ. ನಾನು ಹೂಂ ಅಂದೆ. ಸುಳ್ಳು ಹೇಳಿದೆ, ಒಪ್ಕೋತೀನಿ. ಆದ್ರೆ ನೀನು ದಿನಾ ಬಂದು ಅದರ ಎದುರಿಗೇ ನಿಂತಿದ್ಯಲ್ಲ. ವೈರು ಕಿಟಕಿಗೆ ಕಟ್ಟಿತ್ತು, ನಿನ್ನ ಕಣ್ಣ ಮುಂದೇನೇ. ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಓರಗಿತ್ತಿಯ ಬೆರಳುಗಳು ನಿಂತವು.

"ಯಾವ ಕಿಟಕಿಗೆ ಅಕ್ಕ?" ಎಂದಳು.

ಓರಗಿತ್ತಿ ಅಕ್ಕನ ಕಡೆಗೇ ತಿರುಗಿದ್ದಳು, ಆದರೆ ಆ ಕಣ್ಣುಗಳು ಅವಳ ಮುಖದ ಮೇಲೆ ಇರಲಿಲ್ಲ. ಕಿವಿಯ ಪಕ್ಕದಲ್ಲಿ ಏನನ್ನೋ ಹುಡುಕುತ್ತಿದ್ದವು.

ಆಗ ಅಕ್ಕ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಅಷ್ಟೂ ದಿನಗಳನ್ನು ಓದಿದಳು, ಕೊನೆಯಿಂದ ಮೊದಲಿಗೆ. ಕಾಣದ ಕಿಟಕಿ. ಚಹಾದಲ್ಲಿ ಉಪ್ಪು. ತರಕಾರಿ ಅಂಗಡಿಯ ಮುಂದೆ ಕಾಣದೆ ಹೋದದ್ದು. ಗೀರನ್ನು ಹುಡುಕಿದ ಬೆರಳು. ಸಾ‌ಕಾಯ್ತೆಂದು ಕೊಟ್ಟುಬಿಟ್ಟ ಕೆಲಸ. ಒಂದೊಂದೂ ಅವಳ ಕಣ್ಣೆದುರೇ ಇತ್ತು, ಒಂದನ್ನೂ ಅವಳು ಇದ್ದ ಹಾಗೆ ಓದಿರಲಿಲ್ಲ.

"ಯಾವಾಗಿಂದ?" ಎಂದಳು.

"ಒಂದು ವರ್ಷ ಆಗ್ತಾ ಬಂತು. ನಡುಮಧ್ಯೆ ಮಸುಕು, ಅಂಚಲ್ಲಿ ಮಾತ್ರ ಕಾಣುತ್ತೆ. ಪೂರ್ತಿ ಕತ್ತಲಾಗಲ್ವಂತೆ, ಆದ್ರೆ ಸರಿನೂ ಹೋಗಲ್ವಂತೆ. ಓಡಾಡ್ತೀನಿ, ಅಡುಗೆ ಮಾಡ್ತೀನಿ. ಅಕ್ಷರ ಮಾತ್ರ ಹೋಯ್ತು. ಕೊನೇ ಕೆಲಸದಲ್ಲಿ ಹೆಸರೇ ತಪ್ಪು ಕೊಯ್ದು ಕೊಟ್ಟಿದ್ದೆ. ಆ ಮನುಷ್ಯ ವಾಪಸ್ ತಂದು ಮೇಜಿನ ಮೇಲೆ ಎಸೆದು ಹೋದ." ಅವಳು ಒಂದು ಬಟಾಣಿಯನ್ನು ಬೆರಳಲ್ಲಿ ಉರುಳಿಸಿದಳು. "ಆಗ ಅಂದ್ಕೊಂಡೆ, ಇದು ಅಕ್ಕನ ಹತ್ರ ಹೋಗ್ಲಿ ಅಂತ. ಅವರಾದ್ರೆ ಒಂದಕ್ಷರಾನೂ ನಂಬಲ್ಲ."

"ನನಗೆ ಹೇಳ್ಬಾರ್ದಿತ್ತಾ?"

ಓರಗಿತ್ತಿ ಕೈಯಲ್ಲಿದ್ದ ಬಟಾಣಿಯನ್ನು ತಟ್ಟೆಗೆ ಹಾಕಿದಳು. ಕೋಪವಿರಲಿಲ್ಲ ಅವಳಲ್ಲಿ, ಆಯಾಸವಿತ್ತು.

"ಹೇಳಿದ್ರೆ ನಂಬ್ತಿದ್ರಾ ಅಕ್ಕ?"

ಮಷೀನು ದಾಟಿಸಲು ಕಣ್ಣಿನ ನೆಪ ಹೂಡಿದ್ದಾಳೆ ಎಂದೇ ಆ ರಾತ್ರಿ ಗಂಡನ ಪಕ್ಕೆ ತಿವಿಯುತ್ತಿದ್ದಳೆಂದು ಅಕ್ಕನಿಗೂ ಗೊತ್ತಿತ್ತು, ಎದುರು ಕೂತವಳಿಗೂ ಗೊತ್ತಿತ್ತು. ಅಕ್ಕ ನೆಲದ ಮೇಲೆ ಕುಳಿತಳು. ಕೈಯಲ್ಲಿದ್ದ ಚಿಲಕವನ್ನು ಸದ್ದಾಗದಂತೆ ಮಡಿಲಲ್ಲಿಟ್ಟುಕೊಂಡು, ಬುಟ್ಟಿಯಿಂದ ಒಂದು ಹಿಡಿ ಬಟಾಣಿ ತೆಗೆದುಕೊಂಡು ಸುಲಿಯತೊಡಗಿದಳು. ಮಣಿಕಟ್ಟು ನೋಯುತ್ತಿತ್ತು. ಅಳು ಬಂತು, ಅತ್ತಳು. ಅದು ಓರಗಿತ್ತಿಗೆ ಕಾಣಲಿಲ್ಲ, ಆದರೆ ಕೇಳಿಸಿತು.

ಚಿಲಕವನ್ನು ಮರುದಿನ ಗಂಡ ಅಂಗಡಿಯ ಕಿಟಕಿಗೆ ಹಾಕಿದ. ಸ್ಕ್ರೂಡ್ರೈವರ್ ತಾನಾಗಿಯೇ ಸಿಕ್ಕಿತ್ತು.

ದಂತವೈದ್ಯೆಯ ಬಾಗಿಲಿಗೆ ಅಕ್ಷರ ಅಂಟಿಸಲು ಇಬ್ಬರೂ ಹೋದರು. ಅಕ್ಕ ಗಾಜಿನ ಮೇಲೆ ದಾರ ಹಿಡಿದು ಸಾಲು ನೆಟ್ಟಗೆ ಮಾಡಿ, ಅಕ್ಷರಗಳನ್ನು ಕೊನೆಯಿಂದ ಮೊದಲಿಗೆ ಓದಿ, ಹಿಂದಿನ ಕಾಗದ ಎಳೆದು, ಹಾಳೆ ಅಂಟಿಸಿದಳು. ಓರಗಿತ್ತಿ ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರವನ್ನು ಅಂಗೈಯಿಂದ ಸವರಿ ಒತ್ತುತ್ತ ಬಂದಳು. ಎರಡನೆಯ ಪದವಿಯ ಬಳಿ ಅವಳ ಬೆರಳು ನಿಂತಿತು.

"ಇಲ್ಲಿ ಗಾಳಿ ಕೂತಿದೆ ಅಕ್ಕ."

ಅಕ್ಕ ಬಗ್ಗಿ ನೋಡಿದಳು. ಏನೂ ಇರಲಿಲ್ಲ. ಎಡದಿಂದ ನೋಡಿದಳು, ಬಲದಿಂದ ನೋಡಿದಳು. ಅಕ್ಷರ ಗಾಜಿಗೆ ಗಾಜಾಗಿ ಅಂಟಿತ್ತು. ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಎಲ್ಲಿ, ಬೆರಳು ಇಟ್ಟು ತೋರ್ಸು" ಎಂದಳು.

ಓರಗಿತ್ತಿ ಬೆರಳಿಟ್ಟಳು. ಅಕ್ಕ ಸೂಜಿ ತೆಗೆದು, ಮತ್ತೆ ನೋಡದೆ, ಆ ಬೆರಳು ತೋರಿಸಿದ ಕಡೆಯೇ ಚುಚ್ಚಿ ಒತ್ತಿದಳು. ಕೂತಿದ್ದ ಗಾಳಿ ಅವಳ ಹೆಬ್ಬೆರಳಿನ ಕೆಳಗಿಂದ ಹೊರಟುಹೋಯಿತು.